ಅಲ್ಲಲ್ಲಿ ಮಳೆ, ಐದು ಸಾವಿರ ಹಸಿ ಇಟ್ಟಿಗೆ

"ಹೇಳಿದ ಮಾತು ಸುಳ್ಳಾಗಿ ನಾಲ್ಕು ಜನರ ಕೈಲಿ ನಗಿಸ್ಕೊಳ್ಳೋದಕ್ಕಿಂತ ಬಾಯಿ ಮುಚ್ಕೊಂಡಿರೋದು ವಾಸಿ ಅಲ್ವಾ ಗುರುಗಳೇ?" ಅಂತ ಶಿಷ್ಯ ಕೇಳಿದ.

"ನೀನೀಗ ಮುಚ್ಕೊಂಡಿದ್ದಿದ್ರೆ ನನ್ನ ನಿದ್ದೆ ಉಳೀತಿತ್ತು. ಕೇಳ್ಬಿಟ್ಟೆ. ಕೂತ್ಕೋ," ಅಂದು ಗುರುಗಳು ಶುರು ಮಾಡಿದ್ರು.

ಒಂದೂರಲ್ಲಿ ಒಬ್ಬ ಟೀ ಅಂಗಡಿಯವನಿದ್ದ. ಬೆಳಿಗ್ಗೆ ಎದ್ದು ರೇಡಿಯೋದಲ್ಲಿ ಹವಾಮಾನ ಕೇಳೋನು. ಕೇಳಿದ್ದನ್ನ ಟೀ ಜೊತೆ ಊರಿಗೆಲ್ಲ ಹಂಚೋನು. ಯಾರೂ ಕೇಳದಿದ್ರೂ ಹಂಚೋನು.

ಅಂಗಡಿ ಎದುರಿನ ಕೆರೆ ಅಂಗಳದಲ್ಲಿ ಒಬ್ಬ ಹೆಂಗಸು ಮಣ್ಣು ಕಲಸಿ ಅಚ್ಚಿಗೆ ಹಾಕಿ ಇಟ್ಟಿಗೆ ಕುಯ್ಯೋಳು. ಇಪ್ಪತ್ತು ವರ್ಷ ಊರವರ ಮನೆಗೆಲ್ಲ ಕುಯ್ದಿದ್ಲು. ತಾನಿದ್ದದ್ದು ತಗಡಿನ ಶೀಟಿನ ಕೆಳಗೆ. ಆ ವರ್ಷ ಮೊದಲ ಸಲ ತನ್ನ ಮನೆಗೆ ಅಂತ ಐದು ಸಾವಿರ ಕುಯ್ದಳು. ಹಸಿ ಇಟ್ಟಿಗೆ ಅಂದ್ರೆ ಇನ್ನೂ ಮಣ್ಣೇ. ಒಣಗಬೇಕು, ಗೂಡು ಹಾಕಿ ಸುಡಬೇಕು. ಅಷ್ಟರೊಳಗೆ ಒಂದು ಜೋರು ಮಳೆ ಬಿದ್ರೆ ಎಲ್ಲಾ ಕರಗಿ ಕೆಸರು.

ಯುಗಾದಿ ಆದ ಮಾರನೇ ದಿನ ರೇಡಿಯೋ ಹೇಳ್ತು: ದಕ್ಷಿಣ ಒಳನಾಡಿನ ಅಲ್ಲಲ್ಲಿ ಗುಡುಗು ಸಹಿತ ಮಳೆ. ಟೀ ಅಂಗಡಿಯವನು ಓಡಿ ಹೋಗಿ ಹೇಳ್ದ. ಅವಳು ಮಗಳನ್ನ ಕರ್ಕೊಂಡು, ಅರೆ ಒಣಗಿದ ಇಟ್ಟಿಗೆನೆಲ್ಲ ಎತ್ತಿ ಒಟ್ಟಿ, ತೆಂಗಿನ ಗರಿ ಹೊದಿಸಿದ್ಲು. ಎತ್ತೋವಾಗ ಮುನ್ನೂರು ಮುರೀತು. ಮಳೆ ಹಾಗಿರಲಿ, ಒಂದು ಮೋಡಾನೂ ಬರಲಿಲ್ಲ.

ಸಾಯಂಕಾಲ ಅಂಗಡಿ ತುಂಬ ಜನ ಇದ್ದಾಗ ಬಂದು ಕೇಳಿದ್ಲು. "ಅಣ್ಣಾ, ಅಲ್ಲಲ್ಲಿ ಅಂದ್ಯಲ್ಲ, ಎಲ್ಲಿ ಬಂತು? ನಿನ್ ಟೀ ಪಾತ್ರೆಗೆ ಬಂದಿರ್ಬೇಕು, ಬರೀ ನೀರಾಗಿದೆ."

ಜನ ಬಿದ್ದು ಬಿದ್ದು ನಕ್ರು. ಅವತ್ತಿಂದ ಅವನ ಹೆಸರೇ ಅಲ್ಲಲ್ಲಿ ಆಗೋಯ್ತು. ಚಿಳ್ಳೆಪಿಳ್ಳೆಗಳೂ "ಅಲ್ಲಲ್ಲಿ ಮಾಮ, ಒಂದು ಬನ್ನು" ಅನ್ನೋವು.

ಎಂಟು ದಿನ ಆಯ್ತು. ನಾಳೆ ಗೂಡು ಹಾಕೋದು ಅಂತ ಅವಳು ಇಟ್ಟಿಗೆನೆಲ್ಲ ಕೊನೇ ಬಿಸಿಲಿಗೆ ಬಿಡಿಸಿಟ್ಟಿದ್ಲು. ಬೆಳಿಗ್ಗೆ ರೇಡಿಯೋ ಮತ್ತೆ ಮಳೆ ಅಂತು. ಈ ಸಲ ಜಿಲ್ಲೆ ಹೆಸರು ಹಿಡಿದು, ಮಧ್ಯಾಹ್ನದ ಮೇಲೆ ಅಂತು.

ಅವನು ಟವೆಲ್ಲು ಹೆಗಲಿಗೆ ಹಾಕ್ಕೊಂಡು ಹೊರಟ. ಅಷ್ಟರಲ್ಲಿ ಅವಳೇ ಅಂಗಳದಿಂದ ಕೂಗಿದ್ಲು. "ಏನ್ ಅಲ್ಲಲ್ಲಿ ಅಣ್ಣ, ಇವತ್ತು ಎಲ್ಲೆಲ್ಲಿ?"

ಬೆಂಚ್ ಮೇಲಿದ್ದವರು ಕಿಸಕ್ ಅಂದ್ರು.

ಅವನು ನಿಂತ. "ನನಗೇನಮ್ಮ ಗೊತ್ತು," ಅಂದ. ಒಳಗೆ ಹೋಗಿ ಲೋಟ ತೊಳೆದ. ಇನ್ನೊಂದು ಸಲ ಕೇಳ್ಲಿ, ನೆಟ್ಟಗೆ ಕೇಳ್ಲಿ, ಆಗ ಹೇಳ್ತೀನಿ ಅಂದ್ಕೊಂಡ. ತೊಳೆದ ಲೋಟಾನೇ ಮತ್ತೆ ತೊಳೆದ. ಅವಳು ಕೇಳಲಿಲ್ಲ. ಅವಳಿಗೆ ಕೆಲಸ ಇತ್ತು.

ಮೂರು ಗಂಟೆಗೆ ಬಂತು ಮಳೆ. ಗಾಳಿ ಸಮೇತ ಒಂದು ಗಂಟೆ ಬಡೀತು. ಗರಿ ಎಳೆಯೋಕೆ ಅವನೂ ಓಡಿದ. ಎರಡು ಸಾಲು ಮುಚ್ಚೋ ಹೊತ್ತಿಗೆ ಮಿಕ್ಕ ಸಾಲೆಲ್ಲ ಕುಸಿದು ಕೂತಿದ್ವು.

ಮಳೆ ನಿಂತ ಮೇಲೆ, ಹೇಳೇಬಿಡ್ತೀನಿ ಅಂತ ಅವಳ ಹತ್ರ ಹೋದ. ಅವನ ಮುಖ ನೋಡಿ ಅವಳೇ ಅಂದ್ಲು. "ನೀನ್ಯಾಕಣ್ಣ ಅಳ್ತೀಯ? ಆ ದರಿದ್ರ ರೇಡಿಯೋ ಬಾಯಿ ಬಿಟ್ಟಿದ್ರೆ ನೀನು ಸುಮ್ನೆ ಇರ್ತಿದ್ಯಾ? ನಾನು ಎಷ್ಟು ಆಡ್ಕೊಂಡ್ರೂ ಬಂದು ಹೇಳಿರೋನು ನೀನು."

ಅವನು ಬಗ್ಗಿ ಕೆಸರಲ್ಲಿ ಬಿದ್ದಿದ್ದ ಗರಿ ಎತ್ತೋಕೆ ಶುರು ಮಾಡ್ದ. ಬೆಳಿಗ್ಗೆ ರೇಡಿಯೋ ಅಂದಿದ್ದನ್ನ ಅವತ್ತು ಹೇಳಲಿಲ್ಲ. ಆಮೇಲೂ ಹೇಳಲಿಲ್ಲ.

ಅವಳು ಈಗಲೂ ಶೀಟಿನ ಕೆಳಗೇ ಇದಾಳೆ, ಊರವರ ಮನೆಗೆ ಇಟ್ಟಿಗೆ ಕುಯ್ತಾಳೆ. ದಿನಾ ಬೆಳಿಗ್ಗೆ ಬಂದು, ಅಣ್ಣ ಒಂದು ಟೀ ಕೊಡು ಅಂತಾಳೆ. ಅಲ್ಲಲ್ಲಿ ಅನ್ನೋದನ್ನ ಬಿಟ್ಟೇಬಿಟ್ಟಿದಾಳೆ. ಒಂದ್ಸಲ ಹಾಗೆ ಅಂದ್ರೆ ಸಾಕು ಅಂತ ಅವನು ಕಾಯ್ತಾನೆ.

ಗುರುಗಳು ನಿಲ್ಲಿಸಿದ್ರು. ಶಿಷ್ಯ "ಅವನದು ದೊಡ್ಡ ತಪ್ಪು ಗುರುಗಳೇ," ಅಂದ.

"ಅವನ ವಿಷಯ ಬಿಡು, ಬೆಳಿಗ್ಗೆಯಿಂದ ನೀನು ಯಾರಿಗೆ ಏನು ಹೇಳೋದನ್ನ ತಪ್ಪಿಸ್ಕೊಂಡು ಬಂದು ಇಲ್ಲಿ ಕೂತಿದೀಯ?"