ಕವರಿನೊಳಗಿನ ಪೈಪು

"ಮಾಸ್ತರರೇ, ಗಾಳಿ ಪೈಪಿನ ಬುಡಕ್ಕೆ ರಬ್ಬರ್ ಕವರು ಹಾಕುವುದು ಒಳ್ಳೆಯದೋ ಕೆಟ್ಟದ್ದೋ?"

ಕೇಳಿದವಳು ಶರಾವತಿ. ಸಿಲಿಂಡರು ಹೊತ್ತು ಸಮುದ್ರದೊಳಗೆ ಇಳಿಯುವ ಸ್ಕೂಬಾ ಕಲಿಯಲು ಬಂದು ಅವಳಿಗೆ ಒಂದು ವರ್ಷವಾಗಿತ್ತು. ಆ ವಾರವಷ್ಟೇ ಅವಳ ಸ್ವಂತದ ಸಾಮಾನು, ಸಿಲಿಂಡರಿನಿಂದ ಬಾಯಿಗೆ ಗಾಳಿ ತರುವ ಪೈಪು ಮುಂತಾದದ್ದು, ಬಂದಿತ್ತು. ಅದರ ಒಂದೊಂದು ಭಾಗಕ್ಕೂ ಒಂದೊಂದು ಕವರು ಬಂದಿತ್ತು. ಕೆಲವರು ಹಾಕು ಎಂದಿದ್ದರು, ಕೆಲವರು ಕಿತ್ತೆಸೆ ಎಂದಿದ್ದರು. ಮರುದಿನ ಮೊದಲ ಬಾರಿಗೆ ಪ್ರವಾಸಿಗರನ್ನು ತಾನೇ ಕರೆದುಕೊಂಡು ಇಳಿಯುವ ಸರದಿ ಅವಳದು. ಸಂತೋಷಕ್ಕೆ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಮಾಸ್ತರರಾದ ಸೋಮ ಖಾರ್ವಿ ಮೂವತ್ತು ವರ್ಷ ನೀರಿನೊಳಗೆ ಓಡಾಡಿದವರು. ಕೇಳಿದ್ದಕ್ಕೆ ನೇರ ಉತ್ತರ ಕೊಟ್ಟು ಅವರಿಗೆ ಅಭ್ಯಾಸವಿರಲಿಲ್ಲ. "ಕೂತುಕೋ ತಂಗಿ. ಒಂದು ಕತೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ" ಎಂದು ಶುರುಮಾಡಿದರು.

ಒಬ್ಬ ಮೀನುಗಾರನಿದ್ದ. ನಲವತ್ತು ವರ್ಷ ಬಲೆ ಬಿಟ್ಟವನು. ಅವನು ಹೋಗುವ ದಾರಿಯಲ್ಲಿ, ದ್ವೀಪದ ಪಕ್ಕ, ನೀರಿನೊಳಗೆ ಒಂದು ಬಂಡೆಯಿತ್ತು. ಅದು ಅವನ ಹನ್ನೊಂದು ಬಲೆಗಳನ್ನು ನುಂಗಿತ್ತು. ದಿನ ಬೆಳಗಾದರೆ ಅವನು ಅದನ್ನು ಬೈಯುತ್ತಿದ್ದ. ಆದರೆ ಒಂದು ದಿನವೂ ಅದರ ಮುಖ ನೋಡಿದವನಲ್ಲ. ನೋಡುವುದಾದರೂ ಹೇಗೆ, ಅವನು ಮೇಲಿನವನು, ಅದು ಕೆಳಗಿನದು.

ಅವನಿಗೊಬ್ಬ ಮಗ. ಆ ಮಗ ಸ್ಕೂಬಾ ಕಲಿತ. ಮೀನುಗಾರ ಅವನನ್ನು ಕರೆದು, ಸಾಯುವುದರೊಳಗೆ ಆ ಬಂಡೆಯ ಮೇಲೆ ಒಮ್ಮೆ ಕೈಯಿಡಬೇಕು ಎಂದ. ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಮಗ ಮಾತು ಕೊಟ್ಟ. ಅಂದಿನಿಂದ ಮುದುಕನಿಗೆ ಊಟ ಬೇಡ, ತಿಂಡಿ ಬೇಡ, ಬಂಡೆಯದ್ದೇ ಜಪ.

ಮಗ ಹೊಸ ಸಾಮಾನು ಕೊಂಡ. ಎಲ್ಲಕ್ಕೂ ಕವರು ತೊಡಿಸಿದ. ಇಲ್ಲೊಂದು ಮಾತು ಮರೆಯಬೇಡ. ಕವರು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತು. ಪೈಪು ಬುಡದಲ್ಲಿ ಮಡಿಯಲಿಲ್ಲ, ದೋಣಿಯ ಅಂಚಿಗೆ ತಾಗಿ ತರಚಲಿಲ್ಲ. ಎರಡು ವರ್ಷವಾದರೂ ಅಂಗಡಿಯಿಂದ ಈಗ ತಾನೇ ತಂದ ಹಾಗಿತ್ತು. ಸಂಜೆ ಅವನು ಅದನ್ನು ಸಿಹಿನೀರಿನಲ್ಲಿ ತೊಳೆಯುತ್ತಿದ್ದ. ಕವರು ಸೇರಿಸಿ ತೊಳೆಯುತ್ತಿದ್ದ, ಸರಿಸಿ ತೊಳೆಯುತ್ತಿರಲಿಲ್ಲ. ಸಿಹಿನೀರು ಮೇಲೆ ಹರಿದು ಹೋಗುತ್ತಿತ್ತು, ಉಪ್ಪು ಒಳಗೆ ಉಳಿಯುತ್ತಿತ್ತು.

ನಮ್ಮಲ್ಲಿ ಒಂದು ಪದ್ಧತಿಯಿದೆ, ನಿನಗೂ ಗೊತ್ತು. ನೀರಿಗೆ ಹಾರುವ ಮೊದಲು ಜೊತೆಯವರು ಒಬ್ಬರ ಸಾಮಾನನ್ನು ಇನ್ನೊಬ್ಬರು ಬೆರಳಾಡಿಸಿ ನೋಡಬೇಕು. ಅವನು ತನ್ನದನ್ನು ಮುಟ್ಟಗೊಡುತ್ತಿರಲಿಲ್ಲ. ಕವರಿದೆಯಲ್ಲ, ಅದಕ್ಕೇನಾಗುತ್ತದೆ ಎನ್ನುತ್ತಿದ್ದ. ಜೊತೆಯವರು ಹೊಳಪು ನೋಡಿ ಸುಮ್ಮನಾದರು. ಮೇಲೆ ಥಳಕು ಒಳಗೆ ಹುಳುಕು ಎಂದು ಊರಿಗೆಲ್ಲ ಗಾದೆ ಹೇಳುವವರೂ ಸುಮ್ಮನಾದರು. ಅವರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಮಳೆಗಾಲ ಹತ್ತಿರ ಬಂತು. ಒಂದು ಬೆಳಿಗ್ಗೆ ಸಮುದ್ರ ತಿಳಿಯಾಗಿ ನಿಂತಿತು. ಇಂದು ಬಿಟ್ಟರೆ ಇಲ್ಲ ಎಂದು ಇಬ್ಬರೂ ಹೊರಟರು. ನಾಲ್ಕು ದಿನ ಎದೆಮಟ್ಟದ ನೀರಿನಲ್ಲಿ ಮುದುಕನಿಗೆ ಪಾಠವಾಗಿತ್ತು. ಅವನಿಗೆ ಕೊಟ್ಟದ್ದು ಕಲಿಸುವ ಜಾಗದ ಹಳೆಯ ಸಾಮಾನು. ಅದರ ಕವರುಗಳು ಎಂದೋ ಕಳೆದುಹೋಗಿದ್ದವು. ತೊಟ್ಟವರೆಲ್ಲ ಅದನ್ನು ಬೈದು, ಎರಡು ಸಲ ತಿರುವಿ ನೋಡಿ, ಇಳಿದು ಬಂದ ಮೇಲೆ ತೊಳೆದಿಡುತ್ತಿದ್ದರು.

ಐದು ಮಾರು ಇಳಿದರು. ಎದುರಿಗೆ ಮಸುಕಾಗಿ ಬಂಡೆ ಎದ್ದಿತು. ಆ ಗಳಿಗೆಯನ್ನು ಯೋಚಿಸು ತಂಗಿ, ಹೇಳುವಾಗ ನನ್ನ ಮೈ ಈಗಲೂ ಜುಮ್ಮೆನ್ನುತ್ತದೆ. ನಲವತ್ತು ವರ್ಷದ ವೈರಿ ಎದುರಿಗಿದ್ದಾನೆ. ಅವನ ಮೈಮೇಲೆ ಮುದುಕನದೇ ಬಲೆಗಳು ಜೋತಾಡುತ್ತಿವೆ. ಮುದುಕ ಮಗನ ಕೈ ಹಿಂಡಿದ. ಇನ್ನು ನಾಲ್ಕು ಸಲ ಕಾಲು ಬಡಿದಿದ್ದರೆ ಮುಟ್ಟುತ್ತಿದ್ದ.

ಆಗ ಮಗನ ಪೈಪು ಕವರಿನೊಳಗೇ ಒಡೆಯಿತು. ಗುಳ್ಳೆಗಳು ಭೋರೆಂದು ಎದ್ದವು. ಬಂಡೆ ಮರೆಯಾಯಿತು, ಅಪ್ಪನೂ ಮರೆಯಾದ. ನೋಡುನೋಡುತ್ತಿದ್ದ ಹಾಗೆ ಸಿಲಿಂಡರು ಬರಿದಾಯಿತು. ಮಗ ಉಸಿರೆಳೆದ, ಏನೂ ಬರಲಿಲ್ಲ. ಪ್ರತಿ ಸಿಲಿಂಡರಿಗೂ ಬಾಯಿಗಿಡುವ ತುದಿ ಎರಡಿರುತ್ತವೆ, ಒಂದು ತನಗೆ, ಒಂದು ಆಪತ್ತಿನಲ್ಲಿ ಜೊತೆಯವನಿಗೆ. ನಾಲ್ಕು ದಿನದ ಪಾಠದಲ್ಲಿ ಮುದುಕನ ತಲೆಗೆ ಹತ್ತಿದ್ದು ಅದೊಂದೇ. ಅವನು ಗುಳ್ಳೆಗಳೊಳಗೆ ಕೈ ತೂರಿಸಿ, ಮಗನನ್ನು ಹಿಡಿದೆಳೆದು, ತನ್ನ ಎರಡನೆಯ ತುದಿಯನ್ನು ಅವನ ಬಾಯಿಗೆ ತುರುಕಿದ. ಆ ಹಳೆಯ ಸಾಮಾನಿನ ಗಾಳಿಯಲ್ಲಿ ಇಬ್ಬರೂ ನಿಧಾನವಾಗಿ ಮೇಲೆ ಬಂದರು.

ದೋಣಿಯಲ್ಲಿ ಮಗ ಕವರನ್ನು ಸರಿಸಿದ. ಎರಡು ವರ್ಷದಲ್ಲಿ ಅದೇ ಮೊದಲು. ಒಳಗೆ ಉಪ್ಪು ಹೆಪ್ಪುಗಟ್ಟಿ ಕೂತಿತ್ತು, ಪೈಪಿನ ಬುಡದ ಲೋಹ ಹಸಿರಾಗಿತ್ತು, ರಬ್ಬರು ಸುತ್ತಲೂ ಬಿರಿದಿತ್ತು. ಒಂದೆರಡು ದಿನದ ಬಿರುಕಲ್ಲ ಅದು.

"ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ್ದೆ ಅಪ್ಪ" ಎಂದು ಮಗ ಅತ್ತ.

"ನಾವು ಬಲೆಯನ್ನು ದಿನಾ ದಂಡೆಯ ಮೇಲೆ ಹರಡುತ್ತಿದ್ದೆವಲ್ಲ ಮಗಾ, ಅದು ಬರೀ ಒಣಗಲಿ ಎಂದಲ್ಲ" ಎಂದ ಮುದುಕ. "ಹರಿದದ್ದು ಕಾಣಲಿ ಎಂದು. ನಮಗೆ ಕಾಣದಿದ್ದರೆ ದಾರಿಯಲ್ಲಿ ಹೋಗುವವರಿಗಾದರೂ ಕಾಣಲಿ ಎಂದು."

ಮೂರನೆಯ ದಿನ ಮಳೆ ಹಿಡಿಯಿತು. ಮಳೆ ಮುಗಿದ ಮೇಲೆ ವೈದ್ಯರು ಮುದುಕನ ಎದೆ ಪರೀಕ್ಷಿಸಿ, ಇನ್ನು ನೀರಿಗಿಳಿಯಕೂಡದು ಎಂದರು. ಅವನು ಆ ಬಂಡೆಯನ್ನು ಮುಟ್ಟದೆಯೇ ತೀರಿಕೊಂಡ.

ಮಾಸ್ತರರು ಕತೆ ನಿಲ್ಲಿಸಿದರು. ಶರಾವತಿ ಆಗಲೇ ಎದ್ದು ನಿಂತಿದ್ದಳು.

"ಗೊತ್ತಾಯಿತು ಮಾಸ್ತರರೇ. ಎಲ್ಲ ಕವರುಗಳನ್ನೂ ಈಗಲೇ ಕಿತ್ತೆಸೆಯುತ್ತೇನೆ."

"ಕಿತ್ತೆಸೆ ಎಂದು ನಾನು ಯಾವಾಗ ಹೇಳಿದೆ? ಹಾಕು. ಪೈಪು ಮಡಿಯದ ಹಾಗೆ ಅದು ಕಾಯುತ್ತದೆ. ದಿನಾ ಸರಿಸಿ ತೊಳೆ, ಒಣಗಿಸು, ಕಣ್ಣಿಟ್ಟು ನೋಡು, ಮತ್ತೆ ಹಾಕು. ಕವರಿನ ವಿಷಯ ಅಷ್ಟೇ."

"ಅಷ್ಟೇ ತಾನೇ?" ಶರಾವತಿಗೆ ನಿರಾಳವಾಯಿತು. ನಗುತ್ತಾ ಹೊರಟಳು. ಅವಳು ಬಾಗಿಲು ದಾಟುವ ಮೊದಲು ಮಾಸ್ತರರು ಕೇಳಿದರು:

"ಇವತ್ತು ಬೆಳಿಗ್ಗೆ ದೋಣಿಯಲ್ಲಿ ನಿನ್ನ ಪೈಪು ಮುಟ್ಟಿ ನೋಡಲು ಬಂದ ಜೊತೆಗಾತಿಯ ಕೈ ತಳ್ಳಿದೆಯಲ್ಲ ತಂಗಿ, ಅವಳಿಗೆ ಅಲ್ಲಿ ಏನು ಕಂಡಿತ್ತು ಎಂದು ಕೇಳಿದೆಯಾ?"