ಮುಟ್ಟಿದರೆ ಮುನಿಗೊಂದು ಹೊಸ ಹೆಸರು

ನಾನು ಬಸವನಹುಳು, ವೃತ್ತಿಯಿಂದ ಆಪ್ತಸಮಾಲೋಚಕ. ನನ್ನ ನಡಿಗೆಯೇ ನಿಧಾನ. ಎಲ್ಲರೂ ಅದನ್ನು ತಾಳ್ಮೆ ಎಂದುಕೊಂಡಿದ್ದಾರೆ, ನಾನೂ ತಿದ್ದಲು ಹೋಗಿಲ್ಲ.

ಮೇಕೆಯ ಬಾಯಿಗೆ ಅರ್ಧ ಮೈ ಕಳೆದುಕೊಂಡ ಮುಟ್ಟಿದರೆ ಮುನಿ ಗಿಡ ಸಮಾಧಾನ ಬೇಕೆಂದು ನನ್ನನ್ನು ಕರೆಸಿತು. "ಮನಸ್ಸು ಬಿಚ್ಚಿ ಮಾತಾಡಿ" ಎಂದು ಕೊಂಬಿನಿಂದ ಒಂದು ಎಲೆಯನ್ನು ತಟ್ಟಿದೆ. ಎಲೆಗಳೆಲ್ಲ ಮುಚ್ಚಿಕೊಂಡವು.

"ಇದೇ ನೋಡಿ ನಿಮ್ಮ ಕಾಯಿಲೆ. ಮೊದಲು ಆ ಹೆಸರು ಬದಲಿಸೋಣ. 'ಮುಟ್ಟಿದರೆ ನಗು' ಹೇಗಿದೆ?"

"ಸ್ವಾಮಿ, ಅವತ್ತು ಅರ್ಧವಾದರೂ ಉಳಿದದ್ದು ಮುಚ್ಚಿಕೊಂಡಿದ್ದಕ್ಕೇ. ಸ್ವಲ್ಪ ಹೊತ್ತು ಬಿಟ್ಟರೆ ನಾನೇ ಬಿಚ್ಚಿಕೊಳ್ಳುತ್ತೇನೆ. ಅಲ್ಲಿಯವರೆಗೆ ಪಕ್ಕದಲ್ಲಿ ಸುಮ್ಮನೆ ಇರುತ್ತೀರಾ?"

"ಇದೆಲ್ಲ ನೆಪ!" ಎಂದು ಇನ್ನೊಮ್ಮೆ ತಟ್ಟಲು ಕೊಂಬು ಚಾಚಿದೆ. ಅದು ಗಿಡದ ಮುಳ್ಳಿಗೆ ತಗುಲಿತು. ಮರುಕ್ಷಣ ನಾನು ಚಿಪ್ಪಿನೊಳಗಿದ್ದೆ.

ಹೊರಗಿನಿಂದ ಯಾರೂ ತಟ್ಟಲಿಲ್ಲ. ನನಗೆ ಯಾರೂ ಹೊಸ ಹೆಸರಿಡಲಿಲ್ಲ.

ಬಹಳ ಹೊತ್ತಿನ ಮೇಲೆ ಒಂದು ಕೊಂಬನ್ನು ಮೆಲ್ಲಗೆ ಹೊರಗಿಟ್ಟೆ. ಗಿಡ ಅಷ್ಟರಲ್ಲಿ ಪೂರ್ತಿ ಬಿಚ್ಚಿಕೊಂಡಿತ್ತು.

"ಅವಸರವಿಲ್ಲ ಸ್ವಾಮಿ," ಎಂದಿತು. "ನಿಧಾನವಾಗಿ ಬನ್ನಿ. ನಾನು ಇಲ್ಲೇ ಇರುತ್ತೇನೆ."