ಏಳನೆಯ ಹೆಸರು

ಮಲಪ್ರಭೆಯ ದಂಡೆಯ ಆ ಸಣ್ಣ ಮಠಕ್ಕೆ ಭಕ್ತರು ತಮ್ಮ ಸಂಕಟಗಳನ್ನು ಬರೆದು ಕಳಿಸುತ್ತಿದ್ದರು. ಈಗೀಗ ಪತ್ರಗಳೆಲ್ಲ ಕಂಪ್ಯೂಟರಿಗೇ ಬರುತ್ತಿದ್ದವು. ಶಿಷ್ಯ ಗುರುಸಿದ್ಧ ಓದಿ ಹೇಳುತ್ತಿದ್ದ. ಮಠದ ಸ್ವಾಮಿಗಳಾದ ಚೆನ್ನವೀರ ಅಜ್ಜಾರು ಹೇಳಿದ ಉತ್ತರವನ್ನು ಅವನೇ ಟೈಪ್ ಮಾಡುತ್ತಿದ್ದ.

ಒಂದು ಬೆಳಿಗ್ಗೆ ಒಬ್ಬ ಹೆಣ್ಣುಮಗಳ ಪತ್ರ ಬಂತು.

"ಮಕ್ಕಳಾಗದ ನನ್ನ ನೋವನ್ನು ನಿಮಗೊಬ್ಬರಿಗೇ ಬರೆದಿದ್ದೆ ಅಜ್ಜಾರೆ. ಮೂರೇ ದಿನಕ್ಕೆ, ಪತ್ರದಲ್ಲಿ ಕೊಟ್ಟಿದ್ದ ನಂಬರಿಗೆ ಯಾವುದೋ ಆಸ್ಪತ್ರೆಯವರು ಫೋನ್ ಮಾಡಿ ಅದನ್ನೇ ಕೇಳಿದರು. ಫೋನ್ ಎತ್ತಿದ್ದು ನಮ್ಮ ಅತ್ತೆ."

ಅಜ್ಜಾರು ಅವತ್ತು ಊಟ ಮಾಡಲಿಲ್ಲ.

ಗುರುಸಿದ್ಧನ ತಲೆಯಲ್ಲಿ ಅನುಮಾನದ ಹುಳ ಹೊಕ್ಕಿತು. ಮೊದಲು ಅಡುಗೆಯವರನ್ನು ಅನುಮಾನಿಸಿದ, ಆಮೇಲೆ ಕಸ ಗುಡಿಸುವವರನ್ನು. ಕೊನೆಗೆ ಅದು ಫಕ್ಕೀರೇಶನ ಮೇಲೆ ಬಂದು ಕೂತಿತು. ನಲವತ್ತು ದಾಟಿದ ಫಕ್ಕೀರೇಶ ಮಠಕ್ಕೆ ಬಂದು ಮೂರು ತಿಂಗಳಾಗಿತ್ತು. ಕಂಪ್ಯೂಟರ್ ಬಲ್ಲವನು, ಮಾತು ಕಡಿಮೆ. ಅನುಮಾನಕ್ಕೆ ಅಷ್ಟು ಸಾಕು.

ಪತ್ರಗಳನ್ನು ವಿಂಗಡಿಸಲು ಕಂಪ್ಯೂಟರಿನಲ್ಲಿ ಒಂದು ಎಐ ಸಹಾಯಕ ಇತ್ತು. ಗುರುಸಿದ್ಧ ಅದಕ್ಕೊಂದು ಹೊಸ ಸಾಧನ ಜೋಡಿಸಿದ. ಬ್ರೌಸರಿನಲ್ಲಿ ಯಾವ ಯಾವ ಎಕ್ಸ್‌ಟೆನ್ಶನ್, ಅಂದರೆ ಹೊರಗಿನಿಂದ ತಂದು ಅಂಟಿಸಿದ ಸಣ್ಣ ತಂತ್ರಾಂಶಗಳು, ಸೇರಿಕೊಂಡಿವೆ, ಯಾವುದಕ್ಕೆ ಏನೇನು ಅನುಮತಿ ಇದೆ ಎಂದು ಸಹಾಯಕನಿಗೆ ತೋರಿಸುವ ಸಾಧನ ಅದು. ಕಣ್ಣು ಮಿಟುಕಿಸುವಷ್ಟರಲ್ಲಿ ಒಂಬತ್ತು ಹೆಸರು ಬಂದವು.

ಪಟ್ಟಿ ಹಿಡಿದು, ಅಜ್ಜಾರು ಕೂತಿದ್ದ ಹೊಳೆಯ ಮೆಟ್ಟಿಲಿಗೆ ಓಡಿದ.

"ಅಜ್ಜಾರ, ಕಳ್ಳ ಸಿಕ್ಕ್ರಿ. ಹೊಸಾ ಸಾಧನ ಹಾಕಿ ಪಟ್ಟಿ ತಗದೀನ್ರಿ. ಈ ಏಳನೇದು ನೋಡ್ರಿ. ನಾವು ತೆರೆದ ಪುಟ, ಒತ್ತಿದ ಅಕ್ಷರ, ಎಲ್ಲಾ ಓದಿ ಹೊರಗಿನವರಿಗೆ ಕಳಸಾಕ ಅನುಮತಿ ಐತ್ರಿ."

"ಯಾರು ಹಾಕ್ಯಾರ ಅಂತ ಐತೇನು?"

"ಅದಿಲ್ರಿ. ಫಕ್ಕೀರೇಶನ ಬಿಟ್ರ ಮತ್ಯಾರ್ರಿ? ಸಂಜಿ ಬಸ್ಸಿಗೆ ಊರಿಗೆ ಹೋಗು ಅಂತ ಹೇಳೇಬಿಟ್ಟೀನ್ರಿ."

ಫಕ್ಕೀರೇಶ ಚೀಲ ಹಿಡಿದು ಹಿಂದೆಯೇ ಬಂದು ನಿಂತಿದ್ದ.

"ನಾ ಹಾಕಿಲ್ರಿ ಅಜ್ಜಾರ," ಎಂದ.

"ಹಾಕೀನಿ ಅಂತ ಯಾವ ಕಳ್ಳ ಹೇಳ್ತಾನ್ರಿ?" ಎಂದ ಗುರುಸಿದ್ಧ.

ಅಜ್ಜಾರು ಎದ್ದರು. "ನಡಿ. ಮೊದಲ ಆ ಏಳನೇದನ್ನ ಕಿತ್ತ ಹಾಕು. ಆಮ್ಯಾಲ ಆ ತಾಯಿಗೆ ಉತ್ತರ ಬರಿ."

ಗುರುಸಿದ್ಧ ಏಳನೆಯದನ್ನು ಕಿತ್ತು ಹಾಕಿ, ಕೈ ಜಾಡಿಸಿ ಕೂತ.

"ತಾಯಿ," ಎಂದು ಅಜ್ಜಾರು ಶುರುಮಾಡಿದರು.

ಅವನು ಒತ್ತಿದ. ಪರದೆಯ ಮೇಲೆ ಬರೀ ಇಂಗ್ಲಿಷ್ ಅಕ್ಷರಗಳು ಬಂದವು. ಅಳಿಸಿ ಮತ್ತೆ ಒತ್ತಿದ. ಮತ್ತೆ ಇಂಗ್ಲಿಷೇ.

ಮೂರನೆಯ ಸಲ ಅವನ ಬೆರಳು ನಿಂತವು. ಎರಡು ವರ್ಷದ ಹಿಂದೆ, ಈ ಕೆಲಸಕ್ಕೆ ಕೂತ ಮೊದಲ ದಿನ, ಕನ್ನಡ ಟೈಪಿಂಗ್ ಬರದೆ ಅವನೇ ಎಲ್ಲಿಂದಲೋ ಒಂದು ಎಕ್ಸ್‌ಟೆನ್ಶನ್ ಹುಡುಕಿ ಹಾಕಿಕೊಂಡಿದ್ದ. ಇಂಗ್ಲಿಷಿನಲ್ಲಿ ಒತ್ತಿದ್ದನ್ನು ಅದು ಕನ್ನಡ ಮಾಡಿ ಕೊಡುತ್ತಿತ್ತು. ಅದಕ್ಕೊಂದು ಹೆಸರಿದೆ ಎಂಬುದೇ ಅವನಿಗೆ ಮರೆತುಹೋಗಿತ್ತು.

"ಅಜ್ಜಾರ... ಅದು ನಂದರಿ." ನಾಚಿಕೆಯಿಂದ ಅವನ ಕಿವಿ ಕೆಂಪಾದವು.

"ಹಾಕೋವಾಗ ಏನರ ಕೇಳಿತ್ತೇನು?"

"ಒಪ್ಪಿಗಿ ಕೇಳಿತ್ರಿ. ಹೂಂ ಅಂದೆ."

"ಓದಿ ಅಂದಿ?"

"ಇಲ್ರಿ."

"ಇವತ್ತ ಪಟ್ಟಿ ಕೊಡಾಕ ಒಂದ ಹಾಕಿದೆಲ್ಲ. ಅದು?"

ಗುರುಸಿದ್ಧ ಪರದೆಯತ್ತ ನೋಡಿದ. ಸಹಾಯಕ ಮುಂದಿನ ಅಪ್ಪಣೆಗೆ ಕಾಯುತ್ತಿತ್ತು. ಇಷ್ಟು ದಿನ ಅದನ್ನು ಮಠದ ಆಳೆಂದುಕೊಂಡಿದ್ದವನಿಗೆ ಈಗ ಅದನ್ನು ಕಂಡರೆ ಹೆದರಿಕೆಯಾಯಿತು.

"ಅದಕ್ಕೂ ಓದದನ ಹೂಂ ಅಂದೀನ್ರಿ."

ಅಜ್ಜಾರು ತಿರುಗಿ, ಹಿಂದೆಯೇ ಬಂದಿದ್ದ ಫಕ್ಕೀರೇಶನತ್ತ ನೋಡಿದರು. ಅದನ್ನು ಕಂಡ ಗುರುಸಿದ್ಧ ಅವಸರಪಟ್ಟ.

"ಕಂಪ್ಯೂಟರಿನ್ಯಾಗ ಏನೋ ದೋಷ ಇತ್ತು, ಈಗ ಸರಿ ಮಾಡೀವಿ ಅಂತ ಆ ತಾಯಿಗೆ ಬರೀತೀನ್ರಿ ಅಜ್ಜಾರ."

ಅಜ್ಜಾರು ಕಪಾಟಿನಿಂದ ಒಂದು ಬಿಳಿ ಹಾಳೆ, ಪೆನ್ನು ತೆಗೆದರು. ಗುರುಸಿದ್ಧ ಕೈ ಚಾಚಿದ. ಅವರು ಅವನನ್ನು ದಾಟಿ ಬಾಗಿಲಲ್ಲಿ ನಿಂತಿದ್ದ ಫಕ್ಕೀರೇಶನಿಗೆ ಅವನ್ನು ಕೊಟ್ಟರು. ಫಕ್ಕೀರೇಶ ಚೀಲ ಕೆಳಗಿಟ್ಟು ಕೂತ.

"ನೀ ಬರಿ ತಮ್ಮಾ," ಎಂದರು ಅಜ್ಜಾರು. "ಹೂಂ ಅಂದವ ಯಾರು ಅಂತ ಇವ ಹೇಳ್ತಾನ."